ಅಂಗಳದಲ್ಲಿ ಹಿಡಿಯದ ಶನಿ

"ಈ ನಾಡಿನವರಾಗಲಿ, ಪರನಾಡಿನವರಾಗಲಿ, ಎಲ್ಲರೂ ಕೇಳಿರಿ. ರಾಜಕುಮಾರಿ ಹೈಮವತೀದೇವಿಯವರ ಮೂರು ಒಗಟುಗಳನ್ನು ಬಿಡಿಸಿದವರಿಗೆ ಬೇಡಿದ್ದು ದೊರೆಯುತ್ತದೆ. ಒಂದರಲ್ಲಿ ತಪ್ಪಿದರೂ ಮರುದಿನ ಸೂರ್ಯೋದಯಕ್ಕೆ ತಲೆ ಹೋಗುತ್ತದೆ."

ಹೀಗೆಂದು ಹೊಂಗಿರಿಯ ಅರಸನು ಬೀದಿಬೀದಿಯಲ್ಲಿ ಡಂಗುರ ಹೊಡೆಸಿದನು.

ಮೊದಲು ಬಂದವನು ನೆರೆನಾಡಿನ ಯುವರಾಜ. "ಒಬ್ಬ ಒಡೆಯನ ಸುತ್ತ ಆರು ಮಂದಿ ತಿರುಗುತ್ತಾರೆ. ಅವನಿಗೆ ಎಲ್ಲರಿಗಿಂತ ಹತ್ತಿರವಿರುವವನೇ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಅವನು ಯಾರು?" ಎಂದು ಹೈಮವತಿ ಕೇಳಿದಳು. ಅರಮನೆಯ ಅಡುಗೆಯವನೆಂದು ಯುವರಾಜ ಹೇಳಿದ. ಸಭೆ ನಕ್ಕಿತು. ಕಾವಲಿನವರು ನಗದೆ ಅವನನ್ನು ಸೆರೆಮನೆಗೆ ಕರೆದೊಯ್ದರು.

ಅದೇ ದಿನ ಬಂದ ಎರಡನೆಯವರು ಜೋಯಿಸ ಶಂಭುಭಟ್ಟರು. ತಮ್ಮ ಪಾಠಶಾಲೆಗೆ ಒಂದು ಸೂರನ್ನು ಬೇಡಲು ಬಂದಿದ್ದರು. ಒಡೆಯನು ಸೂರ್ಯ, ಹತ್ತಿರದವನು ಬುಧ ಎಂದು ಅವರು ಸುಲಭವಾಗಿ ಬಿಡಿಸಿದರು. ಆಗ ಹೈಮವತಿ, "ಆ ಆರು ಮಂದಿಯಲ್ಲಿ ಒಬ್ಬನು ಒಂದು ಸುತ್ತು ಮುಗಿಸುವಷ್ಟರಲ್ಲಿ ತೊಟ್ಟಿಲಿನ ಮಗು ಬೆಳೆದು, ಮದುವೆಯಾಗಿ, ತನ್ನ ಮಗುವಿಗೆ ತೊಟ್ಟಿಲು ಕಟ್ಟಿರುತ್ತದೆ. ಅವನು ಯಾರು? ಅಷ್ಟು ತಡವೇಕೆ?" ಎಂದಳು. ಅವನು ಶನಿ, ಕಾಲು ಕುಂಟಾದುದರಿಂದ ತಡ ಎಂದರು ಭಟ್ಟರು. ಹೆಸರು ಸರಿ, ಕಾರಣ ತಪ್ಪು. ಎಪ್ಪತ್ತು ವರ್ಷದ ಆ ಹಿರಿಯರನ್ನೂ ಸೆರೆಗೆ ಹಾಕಿದರು.

ಭಟ್ಟರನ್ನು ಕರೆತಂದಿದ್ದ ಬಂಡಿಯವನು ಮಾಚ. ಅಕ್ಷರ ಬಾರದವನು. ಹನ್ನೆರಡು ವರ್ಷ ಅವರನ್ನು ಊರೂರಿಗೆ ಒಯ್ಯುತ್ತ ಗ್ರಹಗಳ ಹೆಸರುಗಳನ್ನು ಅವರ ಬಾಯಿಂದಲೇ ಕಲಿತಿದ್ದನು. ಸುದ್ದಿ ಕೇಳಿ ಅವನು ಅರಮನೆಯ ಬಾಗಿಲಿಗೆ ಬಂದಾಗ, ಎತ್ತು ಕಟ್ಟುವ ಜಾಗ ಹಿಂದುಗಡೆ ಎಂದು ಕಾವಲಿನವನು ಗೇಲಿ ಮಾಡಿದ.

"ಎತ್ತು ಕಟ್ಟಿಯೇ ಬಂದೆ ಅಣ್ಣ. ತಪ್ಪು ಹೇಳಿದರೆ ನೀನೇ ಅವಕ್ಕೆ ನೀರು ತೋರಿಸು," ಎಂದು ಮಾಚ ಸಭೆ ನೆರೆದಿದ್ದ ಅಂಗಳಕ್ಕೆ ನಡೆದನು.

ಪ್ರಾಣದ ಮೇಲೆ ಆಸೆಯಿಲ್ಲವೇ ಎಂದು ಅರಸನು ಕೇಳಿದನು.

"ಇದೆ ಬುದ್ಧಿ. ಆದರೆ ಖಾಲಿ ಬಂಡಿ ಹೊಡೆದುಕೊಂಡು ಹೋಗಿ ಭಟ್ಟರ ಮನೆಯ ಅಮ್ಮನವರಿಗೆ ಏನು ಹೇಳಲಿ?"

ಮೊದಲನೆಯ ಒಗಟಿನ ಉತ್ತರ ಬಯಲಾಗಿದ್ದುದರಿಂದ ಅದರ ಕಾರಣವನ್ನು ಕೊನೆಯಲ್ಲಿ ಹೇಳಬೇಕೆಂದು ವಿಧಿಸಿ, ರಾಜಕುಮಾರಿಯು ಎರಡನೆಯದನ್ನು ಕೇಳಿದಳು.

"ಶನಿ ಕುಂಟನಲ್ಲ ತಾಯಿ. ಅವನ ದಾರಿ ಬಹಳ ಉದ್ದ, ನಡಿಗೆಯೂ ನಿಧಾನ. ಒಡೆಯನಿಂದ ಅಷ್ಟು ದೂರವಿರುವವನನ್ನು ಅವಸರಪಡಿಸುವವರು ಯಾರು?"

ಹೈಮವತಿಯ ಮುಖದಲ್ಲಿ ನಗು ಮೂಡಿತು. ಅವಳು ಅವನ ಕೈಗೆ ಆರು ಕಲ್ಲುಗಳನ್ನು ಕೊಟ್ಟಳು. "ಈ ಸಿಂಹಾಸನವೇ ಸೂರ್ಯ. ಭೂಮಿಗೆ ಹತ್ತು ಹೆಜ್ಜೆ. ಉಳಿದ ಐವರನ್ನು ಅವರವರ ದೂರದಲ್ಲಿ ಇಡು."

ಮೆಟ್ಟಿಲುಗಳಂತೆ ಸಮನಾಗಿ ಇಟ್ಟರಾಯಿತು ಎಂದು ಮಂತ್ರಿಗಳು ಪಿಸುಗುಟ್ಟಿದರು. ಮಾಚನು ನಾಲ್ಕು ಹೆಜ್ಜೆಗೆ ಬುಧನನ್ನಿಟ್ಟನು, ಏಳಕ್ಕೆ ಶುಕ್ರನನ್ನು, ಹತ್ತಕ್ಕೆ ಭೂಮಿಯನ್ನು, ಹದಿನೈದಕ್ಕೆ ಮಂಗಳನನ್ನು. ಆಮೇಲೆ ನಿಲ್ಲಲೇ ಇಲ್ಲ. ಗುರುವಿನ ಕಲ್ಲನ್ನು ಐವತ್ತೆರಡಕ್ಕೆ ಇಟ್ಟನು. ಅರವತ್ತನೆಯ ಹೆಜ್ಜೆಗೆ ಅಂಗಳ ಮುಗಿದು ಹೆಬ್ಬಾಗಿಲು ಬಂದಿತು. ಕಾವಲಿನವರು ಭರ್ಜಿಗಳನ್ನು ಅಡ್ಡ ಹಿಡಿದರು. ಇವನು ಓಡಿಹೋಗುತ್ತಿದ್ದಾನೆ, ಹಿಡಿಯಿರಿ ಎಂದು ಒಬ್ಬ ಮಂತ್ರಿ ಕೂಗಿದನು.

ಮಾಚ ತಿರುಗಿ ನೋಡಲಿಲ್ಲ. "ಓಡುವವನು ಹೆಜ್ಜೆ ಎಣಿಸುವುದಿಲ್ಲ ಬುದ್ಧಿ. ಬಾಗಿಲು ತೆಗೆಸಿ. ಶನಿ ಹೊರಗಿದ್ದಾನೆ."

ಬಾಗಿಲು ತೆಗೆಯಿರಿ ಎಂದು ರಾಜಕುಮಾರಿಯೇ ಆಜ್ಞಾಪಿಸಿದಳು. ಅವನು ಕೋಟೆಯ ಹೊರಗಿನ ರಸ್ತೆಯಲ್ಲಿ ನಡೆದು, ತೊಂಬತ್ತೈದನೆಯ ಹೆಜ್ಜೆಗೆ ಕೊನೆಯ ಕಲ್ಲನ್ನಿಟ್ಟು ಮರಳಿದನು. ಇದನ್ನು ಹೇಗೆ ತಿಳಿದೆ ಎಂದು ಅವಳು ಕೇಳಿದಳು.

"ಗಿಡ್ಡ ಹಗ್ಗದ ಎತ್ತು ಗೂಟದಿಂದ ದೂರ ಹೋಗಲಾರದು ತಾಯಿ. ಬುಧನೂ ಹಾಗೆಯೇ. ಸೂರ್ಯನ ಮಗ್ಗುಲಲ್ಲೇ ಇದ್ದು ಅವನ ಬೆಳಕಿನಲ್ಲಿ ಅಡಗಿಹೋಗುತ್ತಾನೆ. ಶುಕ್ರನ ಹಗ್ಗ ಕೊಂಚ ಉದ್ದ. ಇಬ್ಬರೂ ಸೂರ್ಯನಿಂದ ಎಷ್ಟು ದೂರ ಸರಿಯುತ್ತಾರೆಂದು ಬಾರುಕೋಲು ಹಿಡಿದು ಅಳೆದೆ. ಇನ್ನು ಹೊರಗಿನ ಮೂವರು. ಬಂಡಿ ಮುಂದೆ ಹೋದಾಗ ದಾರಿಬದಿಯ ಮರ ಬಹಳ ಹಿಂದೆ ಸರಿಯುತ್ತದೆ, ದೂರದ ಬೆಟ್ಟ ಕೊಂಚವೇ. ಭೂಮಿಯೂ ಒಂದು ಬಂಡಿ. ಅದು ಇವರನ್ನು ದಾಟುವಾಗ ಮಂಗಳ ಬಹಳ ಹಿಂದೆ ಸರಿದ, ಗುರು ಕಡಿಮೆ, ಶನಿ ಇನ್ನೂ ಕಡಿಮೆ. ಹನ್ನೆರಡು ವರ್ಷ ನೋಡಿ ಲೆಕ್ಕ ಹಿಡಿದೆ."

ಮೂರೂ ಸರಿ ಎಂದು ಹೈಮವತಿ ಸಾರಿದಳು. ಮಾಚನು ಭಟ್ಟರನ್ನು ಬೇಡಿದನು. ಪಾಪ, ಆ ಯುವರಾಜರನ್ನೂ ಬಿಟ್ಟುಬಿಡಿ ಎಂದನು. ಅರಸನು ಇಬ್ಬರನ್ನೂ ಬಿಡಿಸಿ, ಪಾಠಶಾಲೆಯನ್ನು ಕಟ್ಟಿಸಿಕೊಟ್ಟು, ಮಾಚನನ್ನು ಆಸ್ಥಾನದ ವಿದ್ವಾಂಸನನ್ನಾಗಿ ಮಾಡಿದನು.

ಸೆರೆಯಿಂದ ಬಂದ ಭಟ್ಟರು ಕಣ್ಣೊರೆಸಿಕೊಂಡು ಹೇಳಿದರು: "ಹೆಸರುಗಳನ್ನು ನಾನು ಕಲಿಸಿದೆ ಮಾಚ. ದೂರವನ್ನು ನೀನು ಕಲಿಸು."

ಅಂದು ಸಂಜೆ ಮಾಚನನ್ನು ಪಟ್ಟದಾನೆಯ ಮೇಲೆ ಕೂರಿಸಿ, ವಾದ್ಯಗಳೊಡನೆ ಸಿಂಹಾಸನದಿಂದ ಶನಿಯ ಕಲ್ಲಿನವರೆಗೂ ಮೆರವಣಿಗೆ ಮಾಡಿದರು. ಊರಿಗೆ ಊರೇ ಹಿಂದೆ ಹೆಜ್ಜೆ ಎಣಿಸುತ್ತ ನಡೆಯಿತು.