ತಗ್ಗುಬಾಗಿಲನ್ನು ಒಡೆಯಬಂದವನು

ಸ್ಪೇನ್ ದೇಶದ ದಕ್ಷಿಣದಲ್ಲಿ, ಆಲಿವ್ ಮರಗಳ ಬೂದುಗುಡ್ಡಗಳ ನಡುವೆ ಬೆನಾಲ್ಸಾ ಎಂಬ ಪುಟ್ಟ ಊರು. ಆ ಊರಿನ ಕೆಳಬಾಗಿಲಿನ ಗೂಡಿನಲ್ಲಿ ಪೂಜ್ಯ ಕ್ರಿಸಾಂತೊ ಸ್ವಾಮಿಗಳು ವಾಸವಾಗಿದ್ದರು. ವಾಸ ಎಂದರೆ ದೊಡ್ಡ ಮಾತಾಯಿತು. ಹಿಂದೆ ಕಾವಲುಗಾರನೊಬ್ಬ ಕೂರಲೆಂದು ಗೋಡೆಯಲ್ಲಿ ಕೊರೆದಿದ್ದ ಗೂಡು ಅದು. ನೆಲಕ್ಕಿಂತ ಒಂದು ಗೇಣು ಮೇಲೆ. ಒಳಗೆ ಒಂದು ಮಡಕೆ ನೀರು, ಹರಕು ಕಂಬಳಿ, ಒಂದು ಕಟ್ಟು ನಾರುಹುಲ್ಲು. ಯೌವನದಲ್ಲೇ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಸ್ವಾಮಿಗಳು, ಹೋಗಿಬರುವವರ ಪಾದಗಳನ್ನು ನೋಡುತ್ತ, ಜಪ ಮಾಡುತ್ತ, ಹುಲ್ಲು ಹೊಸೆಯುತ್ತ ಇರುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಅವರ ಕೈಗೆ ಬಿಡುವಿಲ್ಲ. ಶುಭ ಶುಕ್ರವಾರದಂದು ಮಗ ಯೇಸುವಿಗಾಗಿ ಅಳುವ ವ್ಯಾಕುಲಮಾತೆಯ ಮಂಟಪ ಹೊರುವ ಆಳುಗಳಿಗೆ, ಮೊಣಕಾಲಿಗೆ ಕಟ್ಟುವ ಹುಲ್ಲಿನ ದಿಂಬುಗಳನ್ನು ಹೆಣೆದುಕೊಡುತ್ತಿದ್ದವರು ಅವರೇ.

ಮೊಣಕಾಲಿಗೆ ದಿಂಬು ಯಾಕೆ ಎಂದರೆ, ಆ ಬಾಗಿಲೇ ಹಾಗಿತ್ತು. ಆಫ್ರಿಕೆಯಿಂದ ಬಂದು ಆಳಿದ ಮೂರ್ ಅರಸರು ಕಟ್ಟಿಸಿದ್ದು. ಕುದುರೆ ಲಾಳದ ಆಕಾರದ ಕಮಾನು, ಕೋಟೆಗೋಡೆಯಷ್ಟೇ ಆಳ, ಒಳಗೆ ಹಗಲಲ್ಲೂ ಕತ್ತಲೆ. ಶತ್ರುವಿನ ಸವಾರನೊಬ್ಬನೂ ಕುದುರೆಯ ಮೇಲೆ ನೆಟ್ಟಗೆ ಕೂತು ಒಳಗೆ ಬರಬಾರದು ಎಂದು ಬೇಕೆಂದೇ ತಗ್ಗಾಗಿ ಕಟ್ಟಿದ್ದರು. ಕಾಲ ಬದಲಾಯಿತು. ಮಸೀದಿ ಇದ್ದ ಜಾಗದಲ್ಲಿ ಕ್ರೈಸ್ತ ದೇವಾಲಯ ಎದ್ದಿತು, ಅದರ ಮಿನಾರಿಗೆ ಗಂಟೆ ಕಟ್ಟಿದರು, ಬೆಟ್ಟದ ತುದಿಯ ಕೋಟೆ ಕಾಗೆಗಳ ಪಾಲಾಯಿತು. ಕಟ್ಟಿದವರ ಮೊಮ್ಮಕ್ಕಳನ್ನೇ ಒಂದು ದಿನ ಈ ಬಾಗಿಲಿನಿಂದ ಆಚೆ ಅಟ್ಟಿದರಂತೆ. ಅವರು ಹೋಗುವಾಗ ಕಲ್ಲಿಗೆ ಮುತ್ತಿಟ್ಟು ಅತ್ತರೆಂದು ಊರ ಹಿರಿಯರು ಹೇಳುತ್ತಿದ್ದರು. ಸ್ಮಶಾನ ಬಾಗಿಲಿನ ಆಚೆ ಇದ್ದುದರಿಂದ, ಸತ್ತವರೂ ಇದೇ ದಾರಿ. ಅವರನ್ನು ಸಂತೈಸಲೆಂದು ವರ್ಷಕ್ಕೊಮ್ಮೆ ವ್ಯಾಕುಲಮಾತೆಯೂ ಇದೇ ದಾರಿ.

ಮಂಟಪ ಕಮಾನಿನಡಿ ಹಿಡಿಸಬೇಕಾದರೆ ಹೊತ್ತವರು ಮೊಣಕಾಲೂರಿ ತೆವಳಬೇಕು. ಮಂಟಪದ ಸುತ್ತಲೂ ಇಳಿಬಿಟ್ಟ ಕಪ್ಪು ತೆರೆ. ಒಳಗಿನವರಿಗೆ ಹೊರಗೇನೂ ಕಾಣದು. ಹಿಂದಿನ ಸಾಲಿನವರೂ ಆಚೆ ಬಂದ ಮೇಲೆ ಹೊರಗೆ ನಿಂತ ಮಂಟಪದ ಮೇಸ್ತ್ರಿ ಮರದ ಸುತ್ತಿಗೆಯಿಂದ ತೊಲೆಗೆ ಟಕ್ ಎಂದು ಒಂದೇಟು ಕೊಡುತ್ತಾನೆ. ಆಮೇಲೇ ಏಳಬೇಕು, ಎಲ್ಲರೂ ಒಟ್ಟಿಗೆ.

ಮುಂದಿನ ಸಾಲಿನಲ್ಲಿ ಹೆಗಲು ಕೊಡುತ್ತಿದ್ದವನು ಕಲ್ಲುಗಣಿಯ ಬ್ರೌಲಿಯೊ. ಅಂಥ ಹೆಗಲು ಆ ಬೆಟ್ಟದ ಸೀಮೆಯಲ್ಲೇ ಇರಲಿಲ್ಲ. ಅಲ್ಲ ಎನ್ನುವವರು ಬೆನಾಲ್ಸಾ ಕಂಡವರಲ್ಲ. ಅವನ ತಮ್ಮ ತೋಮೆ ಹಿಂದಿನ ಸಾಲು. ಹೋದ ವರ್ಷ ಮಂಟಪ ಬಾಗಿಲಿನಲ್ಲಿದ್ದಾಗ ಅದರ ಚಾವಣಿ ಕಮಾನಿಗೆ ಬಡಿಯಿತು, ಭಾರವೆಲ್ಲ ಹಿಂದಕ್ಕೆ ವಾಲಿತು, ಹಿಂದಿನ ತೊಲೆ ತೋಮೆಯ ಕುತ್ತಿಗೆಯ ಮೇಲೆ ಕೂತಿತು. ಎತ್ತಿ ನೋಡುವಷ್ಟರಲ್ಲಿ ಮುಗಿದಿತ್ತು.

ಕಲ್ಲು ಕೊಂದಿತು ಎಂದಿತು ಊರು. ಎಲ್ಲರಿಗಿಂತ ಗಟ್ಟಿಯಾಗಿ ಎಂದವನು ಬ್ರೌಲಿಯೊ. ಅಂದಿನಿಂದ ಅವನು ಎಲ್ಲೂ ಮೊಣಕಾಲೂರಲಿಲ್ಲ, ದೇವಾಲಯದ ಬಲಿಪೂಜೆಯಲ್ಲೂ ಕಂಬದ ಹಾಗೆ ನಿಂತಿರುತ್ತಿದ್ದ. ಊರ ಪ್ರಮುಖರನ್ನು ಕಾಡಿ ಬೇಡಿ, ಕಮಾನು ಕೆಡವಲು ಒಪ್ಪಿಗೆ ಪಡೆದ. ಮುಂದಿನ ಶುಭ ಶುಕ್ರವಾರ ಮಾತೆಯನ್ನು ನಿಂತ ಕಾಲಲ್ಲೇ ದಾಟಿಸುತ್ತೇನೆ ಎಂದು ತಾಯಿಗೆ ಮಾತು ಕೊಟ್ಟ.

ಶುಭ ಶುಕ್ರವಾರದ ಹಿಂದಿನ ದಿನ, ಗುರುವಾರ ಮಧ್ಯಾಹ್ನ. ಬೆಟ್ಟದ ಕಡೆಯಿಂದ ಕೊರೆಯುವ ಗಾಳಿ, ಆಕಾಶ ಕೆಳಗಿಳಿದ ಹಾಗಿತ್ತು. ಬ್ರೌಲಿಯೊ ಹಾರೆ, ಉಳಿ, ಸುತ್ತಿಗೆ ಹೊತ್ತು ಬಂದ. ಅರ್ಧ ಊರು ಹಿಂದೆ ಬಂತು.

"ನೆತ್ತಿಗಲ್ಲು ಒಂದು ಕಿತ್ತರೆ ಸಾಕು, ಉಳಿದದ್ದು ತಾನೇ ಬೀಳುತ್ತೆ," ಎಂದ ಅವನು. "ಏಳುನೂರು ವರ್ಷ ನಿಂತಿದೆಯಂತೆ. ನಾನು ಇನ್ನೂ ಮುಟ್ಟಿರಲಿಲ್ಲ, ಅದಕ್ಕೆ ನಿಂತಿತ್ತು."

"ಕಲ್ಲಿಗೆ ಹೊಡೆಯೋದು ಸುಲಭ ಕಣಪ್ಪಾ," ಎಂದಳು ರೊಟ್ಟಿ ಮಾರುವ ಮುದುಕಿ. "ತಿರುಗಿ ಬೈಯಲ್ಲವಲ್ಲ."

"ನೀನು ಬೈತೀಯಲ್ಲ ಅಜ್ಜಿ, ಅದರ ಪಾಲಿಂದೂ."

ಕೆಲವರು ನಕ್ಕರು. ಮಂಟಪದ ಮೇಸ್ತ್ರಿ ಓನೊಫ್ರೆ ನಗಲಿಲ್ಲ. "ಸ್ವಾಮಿಗಳು ಒಳಗಿದ್ದಾರೆ ಮಾರಾಯ, ಮೊದಲು ಅವರನ್ನು ನೋಡು," ಎಂದ.

ಸ್ವಾಮಿಗಳು ಗೂಡಿನಲ್ಲಿ ಕೂತು ದಿಂಬು ಹೆಣೆಯುತ್ತಿದ್ದರು. ತಲೆಯೆತ್ತಿ ಬ್ರೌಲಿಯೊನನ್ನು ನೋಡಿದರು. ಅವನ ಮುಖವನ್ನಲ್ಲ, ಮೊಣಕಾಲುಗಳನ್ನು.

"ಸ್ವಾಮಿ, ಏಳಬೇಕು. ಮೇಲಿನ ಮಠದಲ್ಲಿ ನಿಮಗೆ ಕೋಣೆ ಹೇಳಿದ್ದೇವೆ. ಬೆಚ್ಚಗಿದೆ."

"ಆಗಲಿ ಮಗೂ," ಎಂದರು ಸ್ವಾಮಿಗಳು. "ಒಡೆಯುವ ಮೊದಲು ಒಮ್ಮೆ ನನ್ನನ್ನು ಆಚೆ ದಾಟಿಸು. ಸ್ಮಶಾನ ನೋಡಿ ಬಹಳ ದಿನವಾಯಿತು."

ಅದೇನು ಮಹಾ ಎಂದು ಬ್ರೌಲಿಯೊ ಅವರನ್ನು ಎತ್ತಿದ. ಒಣಹುಲ್ಲಿನ ಹೊರೆಯಷ್ಟೂ ಭಾರವಿರಲಿಲ್ಲ. ಬೆನ್ನ ಮೇಲೆ ಕೂತು ಅವನ ಸೊಂಟಕ್ಕೆ ಕಾಲು ಹೆಣೆದು ಹಿಡಿಯಲು ಅವರಿಗೆ ಕಾಲಲ್ಲಿ ಬಲವಿಲ್ಲ. ಮಗುವನ್ನು ಕೂರಿಸಿಕೊಂಡ ಹಾಗೆ ಹೆಗಲ ಮೇಲೇ ಕೂರಿಸಿಕೊಂಡ. ಎರಡು ಹೆಜ್ಜೆ ಇಟ್ಟವನು ನಿಂತ. ಮುಂದೆ ಕಮಾನು. ಬಗ್ಗಿ ನೋಡಿದ, ಬಗ್ಗಿದರೆ ಮುದುಕರು ಮುಂದಕ್ಕೆ ಬೀಳುತ್ತಾರೆ.

ಸ್ವಾಮಿಗಳು ಅವನ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಾಯುತ್ತಿದ್ದರು. ಬ್ರೌಲಿಯೊ ಹಲ್ಲು ಕಚ್ಚಿದ. ಒಂದು ಮೊಣಕಾಲು ಊರಿದ. ಆಮೇಲೆ ಇನ್ನೊಂದು.

ಕತ್ತಲಲ್ಲಿ ತಣ್ಣನೆಯ ಕಲ್ಲು ಚರ್ಮಕ್ಕೆ ಕಚ್ಚುತ್ತಿತ್ತು. ಅರ್ಧ ದಾರಿಗೆ ಬಂದಾಗ ಸ್ವಾಮಿಗಳು ಅವನಿಗಷ್ಟೇ ಕೇಳುವಂತೆ ನುಡಿದರು:

"ಆ ಗೂಡಿನಿಂದ ನನಗೆ ತೆರೆಯ ಕೆಳಗಿನದು ಮಾತ್ರ ಕಾಣುತ್ತದೆ, ಮಗೂ. ಆ ಸಂಜೆಯೂ ಮೊಣಕಾಲುಗಳೇ ಕಂಡವು. ಒಂದು ಜೊತೆ ಮೊದಲು ಎದ್ದಿತು."

ಬ್ರೌಲಿಯೊ ತೆವಳುವುದನ್ನು ನಿಲ್ಲಿಸಿದ. ಹೌದು. ಆ ಸಂಜೆ ಮುಂದಿನ ಸಾಲು ಬೆಳಕಿಗೆ ಬಂದಿತ್ತು. ತೆರೆಯಾಚೆ ಜನ ಅವನ ಹೆಸರು ಕೂಗಿದ್ದು ಕೇಳಿಸಿತ್ತು. ಮಾತೆ ಹೇಗೆ ಮೇಲೇಳುತ್ತಾಳೆ ನೋಡಿ ಎಂದು, ಸುತ್ತಿಗೆಯ ಸದ್ದಿಗೆ ಕಾಯದೆ, ಎದ್ದಿದ್ದ. ಚಾವಣಿ ಕಮಾನಿಗೆ ಬಡಿದದ್ದು ಆಮೇಲೆ.

ಅವನು ಒಂದು ಕೈಯನ್ನು ಗೋಡೆಗೆ ಊರಿದ. "ವರ್ಷದಿಂದ ಗೊತ್ತಿತ್ತು ನಿಮಗೆ. ಯಾರಿಗೂ ಹೇಳಲಿಲ್ಲ."

"ನೀನು ಬರಲಿ ಎಂದು ಕಾದೆ."

ಅವನು ತೆವಳುತ್ತ ಆಚೆ ಬಂದ. ಬೆಳಕು ಬಂದರೂ ಏಳಲಿಲ್ಲ. ತಲೆಬಾಗಿಸಿ ಹಾಗೇ ಇದ್ದ. ಎದುರಿಗೆ ಸ್ಮಶಾನದ ಗೋಡೆ, ಅದರಾಚೆ ತೋಮೆಯ ಮಣ್ಣು. ಹೆಗಲ ಮೇಲಿನ ಸ್ವಾಮಿಗಳು ಅವನಿಗಾಗಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ, ಮೇಸ್ತ್ರಿಯ ಸುತ್ತಿಗೆಯ ಹಾಗೆ, ಗೆಣ್ಣಿನಿಂದ ಅವನ ನೆತ್ತಿಗೆ ಟಕ್ ಎಂದು ಒಂದೇಟು ಕೊಟ್ಟರು.

ಆಗ ಎದ್ದ.

ಸ್ವಾಮಿಗಳನ್ನು ಮತ್ತೆ ಮೊಣಕಾಲಲ್ಲೇ ದಾಟಿಸಿ ತಂದು ಗೂಡಿನಲ್ಲಿ ಕೂರಿಸಿದ. ಹಾರೆ, ಉಳಿ ಬಾಗಿಲಲ್ಲೇ ಬಿದ್ದಿದ್ದವು. ಓನೊಫ್ರೆಯ ಮುಂದೆ, ಊರ ಮುಂದೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜನ ಒಬ್ಬೊಬ್ಬರಾಗಿ ಕರಗಿದರು. ಆಮೇಲೆ ಮನೆಗೆ ಹೋಗಿ ತಾಯಿಗೆ ಹೇಳಿದ. ಹಿಟ್ಟು ನಾದುತ್ತಿದ್ದ ಆಕೆಯ ಕೈ ಒಮ್ಮೆ ನಿಂತಿತು, ಮತ್ತೆ ನಾದತೊಡಗಿತು.

ಮರುದಿನ ಹೊರಡುವಾಗ ಮನೆಬಾಗಿಲ ಅಗುಳಿಗೆ ತಾಯಿ ತೋಮೆಯ ಹುಲ್ಲಿನ ದಿಂಬುಗಳನ್ನು ನೇತುಹಾಕಿದ್ದಳು. ಅದು ಕ್ಷಮೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ. ತೆಗೆದು ಕಟ್ಟಿಕೊಂಡ.

ಮಹಾತ್ಮರು ಬೀಳಿಸಬಾರದ್ದನ್ನು ಉಳಿಸುತ್ತಾರೆ, ಬೀಳಬೇಕಾದದ್ದನ್ನು ಬೀಳಿಸುತ್ತಾರೆ. ತಗ್ಗುಬಾಗಿಲು ಉಳಿಯಿತು. ಕ್ರಿಸಾಂತೊ ಸ್ವಾಮಿಗಳು ಅದರ ಗೂಡಿನಲ್ಲೇ, ಕೈಯಲ್ಲಿ ಹುಲ್ಲು ಹಿಡಿದುಕೊಂಡೇ, ಮುಂದೊಂದು ಚಳಿಗಾಲ ದೇವರಡಿ ಸೇರಿದರು. ಬ್ರೌಲಿಯೊ ಬದುಕಿರುವ ತನಕ ಮುಂದಿನ ಸಾಲಿಗೆ ಹೋಗಲಿಲ್ಲ.

ಆದರೆ ಆ ಶುಕ್ರವಾರ ಸ್ವಾಮಿಗಳು ಇನ್ನೂ ಇದ್ದರು, ಗೂಡಿನಿಂದ ನೋಡುತ್ತಿದ್ದರು. ಮಂಟಪ ತೆವಳುತ್ತ ದಾಟಿತು. ಟಕ್ ಎಂದು ಸುತ್ತಿಗೆ ಬಡಿಯಿತು. ಮಾತೆ ಅಲುಗದೆ ಮೇಲೇರಿದಳು. ಆ ಕ್ಷಣ ತೆರೆಯಡಿ ಮೊಣಕಾಲುಗಳೆಲ್ಲ ನೆಲ ಬಿಟ್ಟವು. ಹಿಂದಿನ ಸಾಲಿನಲ್ಲಿ, ತೋಮೆಯ ದಿಂಬು ಕಟ್ಟಿದ್ದ ಒಂದು ಜೊತೆ ಮಾತ್ರ, ಕೊನೆಯದಾಗಿ.