ಏರಿನಲ್ಲಿ ಕೂಗುವ ಅಜ್ಜ

“ಅತ್ತಿಗಿ, ರೊಟ್ಟಿ ಬಡಿಯೂ ಕೈಗೆ ಸ್ಟೇರಿಂಗ್ ಒಗ್ಗೂದಿಲ್ಲ, ಬಿಡ್ರಿ,” ಎಂದವನು ನನ್ನ ಮೈದುನ ಫಕೀರೇಶ. ನಾನು ಹಟ ಹಿಡಿದು ಗಾಡಿ ನಡೆಸಲು ಕಲಿತೆ. ಆಮೇಲೆ ಹಳೆ ಕಾರು ಮಾರುವ ಅಂಗಳಕ್ಕೆ ಹೋದೆ. ಮದುವೆ ಮನೆಗಳಿಗೆ ರೊಟ್ಟಿ ಬುಟ್ಟಿ ಸಾಗಿಸಲು ನನಗೊಂದು ಸ್ಟೇಷನ್ ವ್ಯಾಗನ್, ಅಂದರೆ ಹಿಂದೆ ಸಾಮಾನಿಗೆ ಜಾಗವಿರುವ ಉದ್ದನೆಯ ಕಾರು ಬೇಕಿತ್ತು. ದಾರಿಯಲ್ಲಿ ಅದು ನಿಂತುಬಿಟ್ಟರೆ ಅಲ್ಲಿ ಪಂಕ್ತಿ ಕಾಯುತ್ತದೆ, ಇಲ್ಲಿ ನನ್ನ ಹೆಸರು ಹೋಗುತ್ತದೆ.

ಅಂಗಳದಲ್ಲಿ ಒಂದೇ ಮನೆತನದ ಎರಡು ವ್ಯಾಗನ್‌ಗಳಿದ್ದವು. ಹಳೆಯದು ಅಜ್ಜ, ಹೊಸದು ಮೊಮ್ಮಗ. ಸಂಬಂಧ ನೋಡುವಾಗ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನೇ ಇಬ್ಬರಿಗೂ ಕೇಳಿದೆ: “ನಿಮ್ಮ ಊನವೇನು?”

“ನನಗೆ ಊನವಿಲ್ಲ,” ಎಂದ ಮೊಮ್ಮಗ. “ಬೆನ್ನಿಗೂ ಕ್ಯಾಮೆರಾದ ಕಣ್ಣಿದೆ. ನಾನು ಸದ್ದು ಮಾಡುವವನೇ ಅಲ್ಲ.”

“ಕೆಟ್ಟರೆ?”

“ಒಂದು ದೀಪ ಹೊತ್ತಿಸಿ ನಿಲ್ಲುತ್ತೇನೆ. ಕಾರಣವನ್ನು ಕಂಪ್ಯೂಟರಿಗೆ ಮಾತ್ರ ಹೇಳುತ್ತೇನೆ.”

ಅಜ್ಜ ಕೆಮ್ಮಿದ. “ನನ್ನ ಎಡಗಡೆಯ ಗಾಜು ಇಳಿಯದು. ಏರಿನಲ್ಲಿ ಮೈ ಕಾಯುತ್ತದೆ. ಆದರೆ ಅದಕ್ಕೂ ಮೊದಲೇ ಕೂಗುತ್ತೇನೆ. ನಿಲ್ಲಿಸಿ ತಣಿಯಲು ಬಿಟ್ಟರೆ ಸಾಕು. ಇನ್ನು ನಿನ್ನ ಊನ ಹೇಳವ್ವ.”

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಹಾಗೆ ಕೇಳಿರಲಿಲ್ಲ. “ನಾನು ಯಾರ ಮಾತೂ ಕೇಳುವವಳಲ್ಲ,” ಎಂದೆ.

“ಹಾಗಾದರೆ ಜೋರಾಗಿಯೇ ಕೂಗುತ್ತೇನೆ,” ಎಂದ ಅಜ್ಜ.

ಈಗ ಆ ಅಜ್ಜ ನನ್ನವನು. ಫಕೀರೇಶ ಹಿಂದೆ ಬುಟ್ಟಿಗಳ ನಡುವೆ ಕೂತು ಬರುತ್ತಾನೆ. ಇದಕ್ಕೆಲ್ಲ ನಾನು ತೆರುತ್ತಿರುವ ಬೆಲೆಯೆಂದರೆ, ಏರು ಬಂದಾಗಲೆಲ್ಲ ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಮಾತು ಕೇಳಬೇಕು.