ಬೊಪ್ಪಣ್ಣನ ಕಾರಿಗೆ ಚಳಿ ಹಿಡಿದದ್ದು

ನಿಂತವರು ಕುಳಿತುಕೊಳ್ಳಿ, ಕುಳಿತವರು ಕಾಲು ಚಾಚಿಕೊಳ್ಳಿ. ನಗು ಬಂದರೆ ತಡೆಯಬೇಕಾಗಿಲ್ಲ. ದೇವೀರಮ್ಮನ ಎದುರಿಗೆ ಮಾತ್ರ ನಗಬೇಡಿ.

ಗಾಳಿಗುಡ್ಡವೆಂಬ ಊರಿನಲ್ಲಿ ದೇವೀರಮ್ಮನೆಂಬ ವಿಧವೆಯಿದ್ದಳು. ಅವಳಿಗೆ ಬೊಪ್ಪಣ್ಣನೆಂಬ ಒಬ್ಬನೇ ಮಗ. ಗತಿಸಿದ ಗಂಡನಿಂದ ಉಳಿದದ್ದು ಒಂದು ಹಳೆಯ ಬಾಡಿಗೆ ಕಾರು. ಗಂಡ ಅದನ್ನು ಬಿಚ್ಚಿ ಕಟ್ಟುವಾಗಲೆಲ್ಲ ಪಕ್ಕದಲ್ಲಿ ಕುಳಿತು ಸ್ಪ್ಯಾನರು ಎತ್ತಿಕೊಡುತ್ತಿದ್ದವಳಾದುದರಿಂದ ಕಾರಿನ ಒಳಹೊರಗೆಲ್ಲ ಅವಳಿಗೆ ತಿಳಿದಿತ್ತು. ಆದರೆ ಈಗ ಬಾನೆಟ್ಟಿನೊಳಕ್ಕೆ ಬಗ್ಗಲು ಸೊಂಟ ಒಪ್ಪದು, ಸಣ್ಣ ತಿರುಪು ಕಣ್ಣಿಗೆ ಕಾಣದು. ಅವಳ ಅರಿವಿಗೆ ಮಗನ ಕೈಯೇ ಕೈಯಾಗಬೇಕಿತ್ತು. ಮಗನೋ, ಹೇಳಿದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡುವನು. ಹೇಳದೆ ಬಿಟ್ಟದ್ದನ್ನು ಊಹಿಸುವ ಗೋಜಿಗೆ ಎಂದೂ ಹೋಗನು.

“ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು? ಈ ಕಾರೇ ಹಾಕಬೇಕು” ಎಂದು ದೇವೀರಮ್ಮ ದಿನವೂ ನಿಟ್ಟುಸಿರಿಡುತ್ತಿದ್ದಳು. ಹೀಗಿರಲು ಆ ಕಾರಿಗೇ ಕೇಡು ಬಂದಿತು. ಎಷ್ಟು ದೂರ ಓಡಿಸಿದರೂ ಶಾಖ ತೋರಿಸುವ ಮುಳ್ಳು ತಳದಲ್ಲೇ ಮಲಗಿರುವುದು. ಏರು ಬಂದರೆ ಎಂಜಿನ್ನು ಕೆಮ್ಮುವುದು, ನಿಲ್ಲುವುದು. ಪೆಟ್ರೋಲನ್ನೋ ಗಟಗಟನೆ ಕುಡಿಯುವುದು. ಹತ್ತಿದವರು ಹೋಗಬೇಕಾದಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಊರಿನ ಬಾಡಿಗೆಯೆಲ್ಲ ಒಂದೊಂದಾಗಿ ಮಾರಶೆಟ್ಟಿಯ ಜೀಪಿನ ಪಾಲಾಗತೊಡಗಿತು.

ಒಂದು ಬೆಳಗ್ಗೆ ದೇವೀರಮ್ಮ ಮಗನನ್ನು ಕರೆದಳು.

“ಲೋ ಬೊಪ್ಪಣ್ಣ, ಎಂಜಿನ್ನಿಗೆ ಚಳಿ ಹಿಡಿದ ಹಾಗಿದೆ ಕಣೋ. ಹೊರಡೋಕೆ ಮುಂಚೆ ಅದನ್ನ ಚೆನ್ನಾಗಿ ಬೆಚ್ಚಗೆ ಮಾಡು.”

“ಆಗಲಮ್ಮ!”

ಅವಳು ಮುಖ ತೊಳೆದು ಬರುವಷ್ಟರಲ್ಲಿ ಕಾರು ಕಾಣಿಸಲಿಲ್ಲ. ಕಾಣಿಸಿದ್ದು ಕಂಬಳಿ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದ್ದನು. ಮುಂದಿನ ದೀಪಗಳೆರಡನ್ನೂ ಕಿವಿಗಳೆಂದು ಬಗೆದು ಹತ್ತಿಯಿಟ್ಟು, ಮೇಲೊಂದು ಕುಲಾವಿ ಕಟ್ಟಿದ್ದನು. ರೇಡಿಯೇಟರಿನ ಬಾಯಿಂದ ಶುಂಠಿ ಮೆಣಸಿನ ಘಮಲು ಏಳುತ್ತಿತ್ತು.

“ಅದರೊಳಗೇನೋ ಸುರಿದೆ?”

“ಕಷಾಯ ಅಮ್ಮ. ಬೆಲ್ಲ ಜಾಸ್ತಿ ಹಾಕಿದ್ದೀನಿ. ಒಂದು ಸಲಾನೂ ಮುಖ ಸಿಂಡರಿಸಲಿಲ್ಲ, ಜಾಣ!”

“ಅಯ್ಯೋ ನನ್ನ ಹಣೆಬರಹವೇ! ಕಾರೇನು ಕೂಸೇನೋ? ಮೊದಲು ಕಾಯಿಲೆ ಯಾವುದು ಅಂತ ನೋಡಬೇಕು, ಆಮೇಲೆ ಮದ್ದು! ಬಾನೆಟ್ಟು ಎತ್ತಿದರೆ ಮೇಲುಗಡೆ ಒಂದು ದಪ್ಪ ಪೈಪಿದೆ. ಕಾರು ಚಾಲೂ ಮಾಡಿ ಅದರ ಮೇಲೆ ಕೈಯಿಡು. ಬಿಸಿಯಾಗೋ ತನಕ ಕೈ ತೆಗೀಬೇಡ!”

“ಆಗಲಮ್ಮ!”

ಕಷಾಯವನ್ನು ತೊಳೆದು ತೆಗೆಯುವುದರಲ್ಲೇ ಆ ದಿನ ಕಳೆಯಿತು. ಮರುದಿನ ಮುಂಜಾನೆ ಬೊಪ್ಪಣ್ಣನು ಕಾರನ್ನು ಚಾಲೂ ಮಾಡಿ ಪೈಪಿನ ಮೇಲೆ ಕೈಯಿಟ್ಟು ನಿಂತನು. ತಾಯಿ ಹುಲ್ಲಿಗೆಂದು ಹೊಲಕ್ಕೆ ಹೋದಳು. ಪೇಟೆಗೆ ಹೋಗಬೇಕಾಗಿದ್ದ ಸಿದ್ಧವೀರಪ್ಪ ಮೇಷ್ಟ್ರು ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಕುಳಿತೇ ಇದ್ದರು.

“ಹೊರಡೋಣವೇನಪ್ಪ?”

“ಇನ್ನೂ ಬಿಸಿಯಾಗಿಲ್ಲ ಮೇಷ್ಟ್ರೇ.”

“ಈಗ?”

“ಬರೀ ಉಗುರು ಬೆಚ್ಚಗಿದೆ ಮೇಷ್ಟ್ರೇ.”

ಮೇಷ್ಟ್ರು ಛತ್ರಿ ಝಾಡಿಸಿಕೊಂಡು ಮಾರಶೆಟ್ಟಿಯ ಜೀಪು ಹತ್ತಿ ಹೋದರು. ಬಿಸಿಲು ನೆತ್ತಿಗೇರಿದಾಗ ದೇವೀರಮ್ಮ ಹುಲ್ಲಿನ ಹೊರೆ ಹೊತ್ತು ಬಂದಳು. ಪೆಟ್ರೋಲು ತೀರಿ ಕಾರು ಸತ್ತಿತ್ತು. ಮಗನು ಮಾತ್ರ ನಿಂತೇ ಇದ್ದನು.

“ಕೈ ತೆಗಿಯೋ ಬಡವಾ!”

“ನೀನೇ ಬಿಸಿಯಾಗೋ ತನಕ ತೆಗೀಬೇಡ ಅಂದೆಯಲ್ಲಮ್ಮ. ಚಾಲೂ ಮಾಡಿದ ತಕ್ಷಣ ಉಗುರು ಬೆಚ್ಚಗಾಯಿತು. ಆಮೇಲೆ ಎಷ್ಟು ಹೊತ್ತಾದರೂ ಅಷ್ಟರಲ್ಲೇ ನಿಂತಿತು.”

ದೇವೀರಮ್ಮ ಹೊರೆಯನ್ನು ಕೆಳಗಿಳಿಸಿದಳು. ಸರಿಯಾದ ಎಂಜಿನ್ನಾದರೆ ಆ ಪೈಪು ಮೊದಲು ತಣ್ಣಗೇ ಇದ್ದು, ಎಂಜಿನ್ನು ಕಾದ ಬಳಿಕ ಒಮ್ಮೆಲೇ ಸುಡಬೇಕು. ಇದೋ, ಮೊದಲಿನಿಂದಲೇ ಬೆಚ್ಚಗೆ, ಕೊನೆಯವರೆಗೂ ಬರಿಯ ಬೆಚ್ಚಗೆ! ಹಾಗಾದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ, ಕಾಯುವ ತನಕ ಮುಚ್ಚಿರಬೇಕಾದ ಬಾಗಿಲು ತೆರೆದೇ ಬಿದ್ದಿದೆ. ತಣ್ಣೀರು ತಡೆಯಿಲ್ಲದೆ ಒಳಕ್ಕೆ ಹರಿಯುತ್ತಿದೆ. ಊರ ಜಾಣರಾರಿಗೂ ಸಿಗದ ರೋಗ ಈ ಪೆದ್ದನ ಅಂಗೈಗೆ ಸಿಕ್ಕಿತ್ತು! ಅವಳಿಗೆ ಮಗನನ್ನು ಮುದ್ದಿಡಬೇಕೆನಿಸಿತು. ಬರಿದಾದ ಟ್ಯಾಂಕನ್ನು ನೆನೆದು ಬೆನ್ನಿಗೊಂದು ಬಿಟ್ಟಳು.

“ಕೇಳು ಇಲ್ಲಿ. ಆ ಪೈಪಿನ ಬುಡದಲ್ಲಿ ಥರ್ಮೋಸ್ಟಾಟ್ ಅಂತ ಒಂದು ಬಿಲ್ಲೆಯಿದೆ. ಬಿಚ್ಚಿ ತಂದು ನೀರಿಗೆ ಹಾಕು. ತಣ್ಣೀರಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ನೀರು ಕುದಿ ಬಂದಾಗ ಬಾಯಿ ಬಿಡಬೇಕು. ತಣ್ಣಗಿರುವಾಗಲೇ ಬಾಯಿ ಬಿಟ್ಟುಕೊಂಡಿದ್ದರೆ ಕೆಟ್ಟಿದೆ ಅಂತ ಲೆಕ್ಕ. ಅಂಥದ್ದು ನಮ್ಮ ಕಾರಲ್ಲಿ ಇರಲೇಕೂಡದು, ಎತ್ತಿ ಆಚೆ ಹಾಕು!”

“ಆಗಲಮ್ಮ!”

ಬಿಚ್ಚಿದನು, ತಂದನು, ತಪ್ಪಲೆಯ ತಣ್ಣೀರಿಗೆ ಹಾಕಿದನು. ಬಿಲ್ಲೆ ಬಾವಿಯ ಕಪ್ಪೆಯಂತೆ ಬಾಯಿ ತೆರೆದು ಕುಳಿತಿತ್ತು. ಎತ್ತಿ ತಿಪ್ಪೆಗೆಸೆದನು. ಎಲ್ಲವೂ ಸರಿಯಾಗಿಯೇ ನಡೆಯಿತು. ದೇವೀರಮ್ಮನಿಗೆ ಅಷ್ಟರಲ್ಲೇ ಅನುಮಾನ ಬರಬೇಕಾಗಿತ್ತು.

ಹೊಸ ಬಿಲ್ಲೆ ತರಲು ಅವನು ಪೇಟೆಗೆ ಹೊರಟ ದಿನ, ಮಗಳ ಮದುವೆಗೆ ಸೀರೆ ಕೊಳ್ಳಲೆಂದು ಪಟೇಲ ಚಿಕ್ಕವೀರೇಗೌಡರು ಕಾರು ಹತ್ತಿದರು. ಮಂಜು ಮುಸುಕಿದ ಮುಂಜಾವು. ಗೌಡರಿಗೆ ನಿದ್ದೆ ಬಂದಿತು. ತಲೆ ಹಿಂದಕ್ಕೆ ವಾಲಿತು. ಬಾಯಿ ತೆರೆಯಿತು.

ಸಂಜೆ ದೇವೀರಮ್ಮನ ಅಂಗಳದಲ್ಲಿ ಗುಡುಗು ಕೇಳಿಸಿತು.

“ದೇವೀರಮ್ಮಾ! ಎಲ್ಲಿ ನಿನ್ನ ಮಗ?”

ಗೌಡರ ಪಂಚೆ ಮೊಣಕಾಲಿನವರೆಗೂ ಕೆಸರಾಗಿತ್ತು.

“ಏನಾಯ್ತು ಗೌಡ್ರೇ?”

“ಎಚ್ಚರವಾಗಿ ನೋಡ್ತೀನಿ, ಕಾಡಿನ ನಡುವೆ ಮೋರಿಕಟ್ಟೆ ಮೇಲೆ ಕೂತಿದ್ದೀನಿ! ಕಾರೂ ಇಲ್ಲ, ಇವನೂ ಇಲ್ಲ! ಪಕ್ಕದಲ್ಲಿ ನನ್ನ ಚೀಲವನ್ನ ಎಷ್ಟು ಒಪ್ಪವಾಗಿ ಇಟ್ಟು ಹೋಗಿದ್ದಾನೆ ನೋಡು!”

ಬೊಪ್ಪಣ್ಣನು ಹೊಸ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಮುಂದೆ ಬಂದನು. “ಕೈ ಮುಟ್ಟಿ ನೋಡಿದೆ ಅಮ್ಮ, ತಣ್ಣಗಿದ್ದರು. ಬಾಯಿ ಬಿಟ್ಟುಕೊಂಡಿದ್ದರು. ಕೆಟ್ಟಿದ್ದಾರೆ ಅಂತ ಆಚೆ ಹಾಕಿದೆ.”

“ನಾನು ಕೆಟ್ಟಿದ್ದೀನೇನೋ?”

“ಕುದಿಯೋ ನೀರು ಇದ್ದಿದ್ದರೆ ಇನ್ನೊಂದು ಸಲ ನೋಡಬಹುದಿತ್ತು ಗೌಡ್ರೇ.”

ದೇವೀರಮ್ಮ ಗೌಡರ ಕಾಲು ಹಿಡಿದಳು. ಅಳಲಿಲ್ಲ, ಅಳುವಿನ ಹಂತವನ್ನು ಅವಳು ದಾಟಿ ಬಹಳ ಕಾಲವಾಗಿತ್ತು. ಗೌಡರು ಮೀಸೆ ಕಡಿದು ನುಡಿದರು.

“ನನ್ನ ಮದುವೆಯಲ್ಲಿ ನನ್ನನ್ನು ಮಂಟಪಕ್ಕೆ ಕರೆತಂದವನು ನಿನ್ನ ಗಂಡ. ಅವನ ಮುಖ ನೋಡಿ ಇದೊಂದು ಸಲ. ಬೆಟ್ಟದ ಕೆಳಗಿಂದ ಮದುವಣಿಗನನ್ನ ಇವನು ಮುಹೂರ್ತಕ್ಕೆ ಮುಂಚೆ ತಂದರೆ ಊರಿನ ಬಾಡಿಗೆ ಪೂರ್ತಿ ಇವನಿಗೇ. ತಪ್ಪಿದರೆ ಮಾರಶೆಟ್ಟಿಗೆ. ಆಮೇಲೆ ನನ್ನ ಬಾಗಿಲಿಗೆ ಬರಬೇಡ.”

ಅಂದೇ ಹೊಸ ಬಿಲ್ಲೆಯನ್ನು ಕೂಡಿಸಿದರು. ಕಾರು ಚಾಲೂ ಆಯಿತು. ಪೈಪು ಮೊದಲು ತಣ್ಣಗಿತ್ತು, ಆಮೇಲೆ ಒಮ್ಮೆಲೇ ಸುಟ್ಟಿತು. ಎಷ್ಟೋ ಕಾಲದಿಂದ ಮಲಗಿದ್ದ ಮುಳ್ಳು ಮೆಲ್ಲಗೆ ಎದ್ದಿತು, ಏರಿತು, ನಟ್ಟ ನಡುವೆ ಬಂದು ಗಂಭೀರವಾಗಿ ನಿಂತಿತು. ದೇವೀರಮ್ಮ ಆ ಗಾಜಿಗೆ ಕೈಮುಗಿದಳು.

“ಬೊಪ್ಪಣ್ಣ, ನನ್ನಪ್ಪ, ಇನ್ನು ಮೇಲೆ ಯಾರ ಬಾಯನ್ನೂ ನೋಡಬೇಡ, ಯಾರ ಮೈಯನ್ನೂ ಮುಟ್ಟಬೇಡ. ಈ ಮುಳ್ಳೊಂದನ್ನ ನೋಡು. ಇದು ನಡುವೆ ನಿಂತಿದ್ದರೆ ಎಲ್ಲಾ ಸರಿಯಾಗಿದೆ ಅಂತ ತಿಳಿ. ಕಣ್ಣು ಕೀಳಬೇಡ!”

“ಆಗಲಮ್ಮ!”

ಮದುವೆಯ ದಿನ ದೇವೀರಮ್ಮ ಕಳಸ ಹಿಡಿದ ಹೆಂಗಸರೊಡನೆ ಕೆರೆಯ ಏರಿಯ ಮೇಲೆ ನಿಂತಿದ್ದಳು. ಮುಹೂರ್ತಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಬೆಟ್ಟದ ತಿರುವಿನಲ್ಲಿ ಎಂಜಿನ್ನಿನ ಸದ್ದು ಕೇಳಿಸಿತು. ಕೆಮ್ಮಿಲ್ಲ, ದಮ್ಮಿಲ್ಲ, ಹಾಡುತ್ತ ಬರುತ್ತಿತ್ತು.

“ಬಂದ ಕಣ್ರೇ ನನ್ನ ಮಗ!” ಎಂದಳು. ಎಂಥ ದನಿಯಲ್ಲಿ ಎಂದಳೆಂದರೆ, ಪಕ್ಕದಲ್ಲಿದ್ದ ಗೌಡರೂ ಮೀಸೆಯೊಳಗೇ ನಕ್ಕರು. ವಾದ್ಯದವರು ಓಲಗ ಊದಿದರು. ಕಾರು ಏರಿಗೆ ಬಂದಿತು. ಏರಿ ಬಲಕ್ಕೆ ತಿರುಗಿತು. ಕಾರು ತಿರುಗಲಿಲ್ಲ.

ನೇರವಾಗಿ, ನಿಧಾನವಾಗಿ, ಬಹು ಮರ್ಯಾದೆಯಿಂದ ಅದು ಇಳಿಜಾರಿನಲ್ಲಿಳಿದು ಕೆರೆಯನ್ನು ಹೊಕ್ಕು, ಬಾನೆಟ್ಟು ಮುಳುಗುವವರೆಗೂ ಹೋಗಿ ನಿಂತಿತು. ಮದುವಣಿಗನು ಬಾಸಿಂಗ ಸಮೇತ ಕಿಟಕಿಯಿಂದ ನುಸುಳಿ ಕಾರಿನ ನೆತ್ತಿಯೇರಿದನು. ಬೆಟ್ಟದ ಉದ್ದಕ್ಕೂ ಹಿಂದಿನ ಸೀಟಿನಿಂದ ‘ಎಡಕ್ಕೆ! ಬಲಕ್ಕೆ!’ ಎಂದು ಕೂಗಿ ದಾರಿ ತೋರಿಸಿ ಬಂದವನು ಅವನೇ ಅಂತೆ; ಓಲಗ ಕೇಳಿದ್ದೇ ಪೇಟ ಸರಿಮಾಡಿಕೊಳ್ಳಲು ಹೋಗಿ ಕೊನೆಯ ‘ಬಲಕ್ಕೆ’ಯನ್ನು ಮರೆತನಂತೆ.

“ಮುಹೂರ್ತಕ್ಕೆ ಮುಂಚೆಯೇ ತಂದಿದ್ದಾನೆ, ಇಲ್ಲ ಅನ್ನೋಕಾಗಲ್ಲ!” ಎಂದು ಗೌಡರು ಹಲ್ಲು ಕಡಿದರು. “ಲೋ, ಮಾರಶೆಟ್ಟಿಗೆ ಹೇಳ್ರೋ! ಹಗ್ಗ ತರಲಿ, ಜೀಪೂ ತರಲಿ! ಇವತ್ತಿಂದ ಜೀಪೇ ಸಾಕು ಈ ಊರಿಗೆ!”

ದೇವೀರಮ್ಮ ಹೆಂಗಸರ ನಡುವಿನಿಂದ ನುಗ್ಗಿದಳು. ಸೀರೆ ಎತ್ತಿಕಟ್ಟಿ, ಎದೆಯುದ್ದ ನೀರಿಗಿಳಿದು, ಕಾರಿನ ಕಿಟಕಿಗೆ ಬಂದಳು. ಬೊಪ್ಪಣ್ಣನು ಕುತ್ತಿಗೆಯವರೆಗಿನ ನೀರಿನಲ್ಲಿ ಸ್ಟಿಯರಿಂಗು ಹಿಡಿದು, ಮುಳ್ಳಿನ ಗಾಜಿಗೆ ಮೂಗು ತಾಗಿಸಿ ಕುಳಿತಿದ್ದನು.

“ಮನೆಹಾಳಾ! ಎದುರಿಗೆ ಕೆರೆ ಕಾಣಿಸಲಿಲ್ಲವೇನೋ?”

“ಕೆರೆಯೇ?” ಎಂದನು ಬೊಪ್ಪಣ್ಣ, ಕಣ್ಣು ಕೀಳದೆ. “ಅದು ಹಾಳಾಗಲಿ, ಇಲ್ಲಿ ನೋಡಮ್ಮ! ಇಷ್ಟು ಹೊತ್ತೂ ನಡುವೆ ನಿಂತಿದ್ದ ಮುಳ್ಳು ಈಗ ಇದ್ದಕ್ಕಿದ್ದಂತೆ ಕೆಳಗಿಳೀತಾ ಇದೆ. ಪೇಟೆಯವನು ಮೋಸ ಮಾಡಿದ. ಈ ಬಿಲ್ಲೆಯೂ ಕೆಟ್ಟದ್ದೇ!”